ರಾಹುಕಾಲಕ್ಕೆ ಮುಂಚೆ ತೆರೆದ ಪೆಟ್ಟಿಗೆ

ಎಂಬತ್ತರ ದಶಕದಲ್ಲಿ ಕೊಟ್ಟೂರಿನ ಕಡೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬು ನನ್ನ ಕೈಯಲ್ಲಿತ್ತು. ನಮ್ಮ ವಿಭಾಗದ ಮುಖ್ಯಸ್ಥರ ಪಾಲಿಗೆ ವಿಜ್ಞಾನವೆಂದರೆ ಬಿಳಿ ಕೋಟು, ಜೇಬಿನಲ್ಲಿ ಎರಡು ಪೆನ್ನು. ಯಾವುದೋ ಸಮ್ಮೇಳನದಲ್ಲಿ ಊಟ ಮಾಡಿ ಬಂದವರು ಒಂದು ಸುದ್ದಿಯನ್ನೂ ಹೊತ್ತು ತಂದರು. ಇದ್ದಿಲಿನ ತೆಳುಪದರದ ಸಣ್ಣ ರಂಧ್ರಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಬೇಗ ನುಸುಳುತ್ತದೆ, ಮೀಥೇನ್ ಹಿಂದೆ ಉಳಿಯುತ್ತದೆ. ಗೋಬರ್ ಗ್ಯಾಸನ್ನು ಹಾಗೆ ಸೋಸಿದರೆ ಒಲೆ ಜೋರಾಗಿ ಉರಿಯುತ್ತದೆ. ಮಾತೆಲ್ಲ ಅವರದು, ಕೆಲಸವೆಲ್ಲ ನನ್ನದು. ಮಾಡಿದೆ, ಯಾಕೆಂದರೆ ನನಗೂ ಆಸೆಯಿತ್ತು. ಇಂಥ ಪದರವಿರುವ ಒಂದು ಕೊಳವೆ ಸರಿಯಾಗಿ ಮಾಡಿ ತಂದು ತೋರಿಸಿದರೆ ಸಂಶೋಧನೆಗೆ ಸೇರಿಸಿಕೊಳ್ಳುತ್ತೇನೆಂದು ಧಾರವಾಡದ ಪ್ರೊಫೆಸರೊಬ್ಬರು ಹೇಳಿದ್ದರು.

ಕುಂಬಾರರಿಂದ ಬೆರಳುಗಾತ್ರದ ಮಣ್ಣಿನ ಕೊಳವೆ ಮಾಡಿಸಿದೆ. ಫೀನಾಲ್, ಫಾರ್ಮಾಲಿನ್ ಸೇರಿಸಿ ಕಾಯಿಸಿ ಅಂಟು ಮಾಡಿ, ಕೊಳವೆಗೆ ತೆಳ್ಳಗೆ ಬಳಿದು ಒಣಗಿಸಿದೆ. ಅದನ್ನು ಇದ್ದಿಲ ಪುಡಿ ತುಂಬಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಹೂತು, ಸಂದಿಗೆಲ್ಲ ಮಣ್ಣು ಮೆತ್ತಿ, ನಿಧಾನವಾಗಿ ಸುಟ್ಟರೆ ಆ ಅಂಟೇ ಇದ್ದಿಲಿನ ಪದರವಾಗುತ್ತದೆ. ಒಳಗೆ ಗಾಳಿ ಸೇರಿದರೆ ಪದರವೇ ಉರಿದುಹೋಗುತ್ತದೆ. ಎಷ್ಟೋ ಕೊಳವೆಗಳು ಬಿರುಕು ಬಿಟ್ಟವು. ಪ್ರತಿ ಸಲವೂ ಮುಖ್ಯಸ್ಥ ಮಹಾಶಯರು ಬಾಗಿಲಲ್ಲಿ ಇಣುಕಿ, "ಶ್ರದ್ಧಾ ಕಮ್ಮಿ ಆತಮ್ಮ" ಎಂದು ಉಪದೇಶಿಸಿ ಹೋಗುತ್ತಿದ್ದರು. ಕೊನೆಗೆ ಒಂದು ಸಣ್ಣ ತುಂಡು ಕರ್ರಗೆ, ನುಣ್ಣಗೆ, ಬಿರುಕಿಲ್ಲದೆ ಬಂತು. ಅದೇ ರೀತಿ ಪೂರ್ತಿ ಕೊಳವೆಯನ್ನು ಸುಟ್ಟೆ.

ಪೆಟ್ಟಿಗೆ ಮರುದಿನದವರೆಗೆ ಆರಬೇಕಿತ್ತು. ಅಂದು ಮಧ್ಯಾಹ್ನವೇ ಮುಖ್ಯಸ್ಥರು ಆಡಳಿತ ಮಂಡಳಿಯ ಹಿರಿಯರನ್ನು ಕಟ್ಟಿಕೊಂಡು, ತೆಂಗಿನಕಾಯಿ, ಊದಿನಕಡ್ಡಿ ಸಮೇತ ಬಂದರು.

"ತಗಿಸಮ್ಮ, ಮೂರಕ್ಕ ರಾಹುಕಾಲ ಬರ್ತೈತಿ."

"ಸರ್, ಒಳಗಿನ್ನೂ ನಿಗಿನಿಗಿ ಐತ್ರಿ. ಈಗ ಗಾಳಿ ತಾಗಿದ್ರ ಪದರಾ ಸುಟ್ಟು ಹೋಗತೈತಿ. ನಾಳಿ ಮುಂಜಾನಿ ತಗಿಯೋಣ್ರಿ."

"ನಾಳಿ ಅಷ್ಟಮಿ. ನೀ ಸುಮ್ನಿರು."

ಕಾಯಿ ಒಡೆದು ಮುಚ್ಚಳ ಎಬ್ಬಿಸಿದರು. ಇದ್ದಿಲ ಪುಡಿ ಭಗ್ಗನೆ ಹೊತ್ತಿಕೊಂಡಿತು. ಒಬ್ಬ ಹಿರಿಯರು ಶುಭಸೂಚನೆ ಎಂದು ಕೈ ಮುಗಿದರು! ಕೊಳವೆಯನ್ನು ಇಕ್ಕಳದಿಂದ ಎತ್ತಿ ಇಟ್ಟಿಗೆಯ ಮೇಲಿಟ್ಟಾಗ ಅದು ಕೆಂಡವಾಗಿತ್ತು. ಮಂಗಳಾರತಿ ಮುಗಿಯುವಷ್ಟರಲ್ಲಿ ನನ್ನ ಕಣ್ಣೆದುರೇ ಪದರವೆಲ್ಲ ಉರಿದುಹೋಗಿ, ಕುಂಬಾರರು ಕೊಟ್ಟಿದ್ದ ಅದೇ ಕೆಂಪು ಕೊಳವೆ ಉಳಿಯಿತು.

"ಕರಿ ಪದರಾ ಎಲ್ಲೈತ್ರೀ?" ಎಂದರು ಒಬ್ಬ ಹಿರಿಯರು.

ಮುಖ್ಯಸ್ಥರು ಕಣ್ಣೂ ಮಿಟುಕಿಸಲಿಲ್ಲ. "ಅದಾ ವಿಶೇಷ್ರೀ! ಎಷ್ಟು ತೆಳ್ಳಗೈತಿ ಅಂದ್ರ, ಬರಿಗಣ್ಣಿಗೆ ಕಾಣಂಗಿಲ್ಲ."

ಚಪ್ಪಾಳೆ ಬಿತ್ತು. ಒಬ್ಬರಿಗಾದರೂ ನಾಚಿಕೆಯಾಗಬೇಡವೇ? ಇವತ್ತು ನೆನೆದರೂ ಮೈ ಉರಿಯುತ್ತದೆ.

ಪ್ರಯೋಗ ಯಶಸ್ವಿಯಾಯಿತಲ್ಲ, ಇನ್ನು ಫೀನಾಲ್ ಯಾಕೆ ಎಂದು ಮತ್ತೆ ತರಿಸಿಕೊಡಲಿಲ್ಲ. ತೋರಿಸಲು ನನ್ನ ಬಳಿ ಏನೂ ಉಳಿಯದೆ ಧಾರವಾಡದ ಸೀಟು ಬೇರೆಯವರ ಪಾಲಾಯಿತು. ಆ ಬೋಳು ಕೊಳವೆ ವಿಭಾಗದ ಗಾಜಿನ ಕಪಾಟು ಸೇರಿತು. ನಾನು ನಿವೃತ್ತಳಾಗುವವರೆಗೆ ಪ್ರತಿ ಆಯುಧಪೂಜೆಗೂ ಅದನ್ನು ಒರೆಸಿ ವಿಭೂತಿ ಹಚ್ಚುವ ಕೆಲಸ ನನ್ನದೇ ಆಗಿತ್ತು.