ಗ್ವೊಜ್ದೆನಣ್ಣ ಬೆಂಚಿನ ಮೇಲೆ ಕೂತದ್ದು

ನಮ್ಮ ವಠಾರದ ಅಂಗಳದಲ್ಲಿ ಒಂದು ಬೆಂಚಿದೆ. ಇತ್ತು ಎನ್ನಬೇಕು, ಈಗ ಅದು ಮೂರನೇ ಮಹಡಿಯಲ್ಲಿದೆ. ಅದು ಮೇಲೆ ಹೋದ ಕತೆಯೂ ಗ್ವೊಜ್ದೆನಣ್ಣನ ಕತೆಯೂ ಒಂದೇ.

ಅಂಗಳದಲ್ಲಿದ್ದಾಗ ಆ ಬೆಂಚಿನ ಮೇಲೆ ಯಾರು ಬೇಕಾದರೂ ಹೋಗಿ ಕೂರುವಂತಿರಲಿಲ್ಲ. ಕೂರಲು ಕಾಯಿಲೆ ಬೇಕಿತ್ತು. ಬರೀ ಕಾಯಿಲೆ ಸಾಲದು, ಅದಕ್ಕೆ ಲ್ಯಾಟಿನ್ ಹೆಸರೂ ಬೇಕು. ನಮ್ಮ ಸೆರ್ಬಿಯಾದ ಡಾಕ್ಟರುಗಳು ಚೀಟಿಯಲ್ಲಿ ಕಾಯಿಲೆಯ ಹೆಸರನ್ನು ಲ್ಯಾಟಿನ್ನಿನಲ್ಲೇ ಬರೆಯುವುದು. ರೋಗಿ ಅದನ್ನು ಮನೆಗೆ ತಂದು, ಬಾಯಿಪಾಠ ಮಾಡಿ, ಆಮೇಲೆ ಬಿರುದಿನ ಹಾಗೆ ಹೇಳಿಕೊಂಡು ತಿರುಗುವುದು. ಒಂದು ಪದದ ಕಾಯಿಲೆಯವರಿಗೆ ಬೆಂಚಿನ ತುದಿ, ಎರಡು ಪದದವರಿಗೆ ನಡು. ಜೊತೆಗೆ ಬೆನ್ನುಮೂಳೆಯ ಎಷ್ಟನೇ ಮಣಿ ಕೆಟ್ಟಿದೆ ಎಂಬ ನಂಬರೂ ಇದ್ದರೆ ಕಾಲು ಚಾಚಿಯೂ ಕೂರಬಹುದು. ಹಾಗೆ ಕಾಲು ಚಾಚುತ್ತಿದ್ದವನು ಸ್ವೆತೊಜಾರ್. ಪುರಸಭೆಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಅವನದು ಸ್ಪಾಂಡಿಲೋಸಿಸ್, ಜೊತೆಗೆ ನಂಬರಿನ ಸಮೇತ ಕೆಟ್ಟ ಎರಡು ಡಿಸ್ಕು. ಅವನ ಪಕ್ಕ ರತೊಮಿರ್, ನಿವೃತ್ತ ಮೇಷ್ಟ್ರು. ಅವನ ಸೊಂಟದ ಕೀಲಿನಲ್ಲಿ ಕಾಕ್ಸಾರ್ಥ್ರೋಸಿಸ್ ಎಂಬುದಿತ್ತು. ಆ ಪದ ಹೇಳುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನೆಲಮಹಡಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ನನ್ನದು. ನನ್ನ ಹೆಸರು ದೋಬ್ರಿಲಾ. ಕಿಟಕಿಯ ಎದುರಿಗೇ ಬೆಂಚು. ಕಿವಿ ಕೊಡದಿದ್ದರೂ ಅಲ್ಲಿನ ಮಾತು ಬಂದು ಬೀಳುತ್ತಿತ್ತು. ಕೊಡುತ್ತಿದ್ದೆ, ಅದು ಬೇರೆ ವಿಷಯ. ಕತ್ತರಿ ಹಿಡಿದು ಹಿಡಿದು ನನ್ನ ಮೊಣಕೈಗೂ ಎಪಿಕೊಂಡಿಲೈಟಿಸ್ ಬಂದಿದೆ, ಮನಸ್ಸು ಮಾಡಿದ್ದರೆ ನಾನೂ ಒಂದು ಮೂಲೆ ಹಿಡಿಯಬಹುದಿತ್ತು. ಆದರೆ ಆ ಗಂಡಸರ ನಡುವೆ ಕೂರುವುದಕ್ಕಿಂತ ನಿಂತು ಕೂದಲು ಕತ್ತರಿಸುವುದೇ ವಾಸಿ.

ಗ್ವೊಜ್ದೆನಣ್ಣ ಮಾತ್ರ ಯಾವಾಗಲೂ ನಿಂತೇ ಇರುತ್ತಿದ್ದ. ರೈಲ್ವೆ ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊತ್ತು ಕೂದಲು ನರೆತ ಮನುಷ್ಯ. ತಮಾಷೆಯೆಂದರೆ ಆ ಬೆಂಚನ್ನು ತಂದವನೇ ಅವನು. ಹಳೇ ಸ್ಟೇಷನ್ ಕೆಡವುವಾಗ ಕೇಳಿ ಪಡೆದು, ಬೆನ್ನ ಮೇಲೆ ಹೊತ್ತು ಅಂಗಳಕ್ಕೆ ತಂದಿಳಿಸಿದ್ದ. ಇಳಿಸಿದ ತಕ್ಷಣ ಕಾಯಿಲೆಯವರು ಬಂದು ಕೂತರು. ಅವನು ಬೆವರೊರೆಸಿಕೊಂಡು ನಿಂತ, ನಿಂತವನು ನಿಂತೇ ಬಿಟ್ಟ.

"ನಂಗೂ ಬೆನ್ನು ನೋಯ್ತದೆ ಕಣ್ರಪ್ಪ," ಎಂದು ಒಮ್ಮೆ ಹೇಳಿ ನೋಡಿದ.

"ನೋಯ್ತದೆ ಅನ್ನೋದು ಕಾಯಿಲೆ ಅಲ್ಲ ಮಾರಾಯ," ಎಂದ ಸ್ವೆತೊಜಾರ್. "ನೋವು ಕತ್ತೆಗೂ ಇರ್ತದೆ. ಅದಕ್ಕೆ ಹೆಸರೇನು, ಹೇಳು?"

ಹೆಸರಿರಲಿಲ್ಲ. ಹೆಸರಿಲ್ಲದ ಮೇಲೆ ಗಟ್ಟಿಮುಟ್ಟು. ಗಟ್ಟಿಮುಟ್ಟಾದ ಮೇಲೆ ಹೊರಬೇಕು. ನಮ್ಮ ಕಟ್ಟಡದ ಲಿಫ್ಟು ಯಾವ ಕಾಲದಲ್ಲಿ ಕೆಟ್ಟಿತೋ ಅದರೊಳಗಿನ ಜೇಡನಿಗೇ ಗೊತ್ತು. ಹಾಗಾಗಿ ಫ್ರಿಜ್ಜು, ಸೌದೆ, ಗ್ಯಾಸ್ ಸಿಲಿಂಡರು, ಶರತ್ಕಾಲ ಬಂತೆಂದರೆ ಮೆಣಸಿನಕಾಯಿ ಮೂಟೆ, ಚಳಿ ಹತ್ತಿರವಾದರೆ ಎಲೆಕೋಸು ಹುಳಿಹಾಕುವ ಪೀಪಾಯಿ, ಅದರ ಮೇಲೆ ಹೇರಲು ಮೊರಾವಾ ಹೊಳೆಯ ಕಲ್ಲು, ಎಲ್ಲವೂ ಅವನ ಬೆನ್ನ ಮೇಲೇ ಮೆಟ್ಟಿಲು ಹತ್ತಬೇಕು. ಪ್ರತಿಫಲ ಒಂದು ಗುಟುಕು ಪ್ಲಮ್ ಸಾರಾಯಿ, ಅದೂ ಬಾಗಿಲಲ್ಲೇ. ಒಳಗೆ ಬಾ, ಕೂತ್ಕೊ ಎಂದವರಿಲ್ಲ.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅವನ ಹೆಂಡತಿ ಪೆತ್ರಿಯಾ ಬೈಯುತ್ತಿದ್ದಳು. "ಒಂದ್ಸಲ, ಒಂದೇ ಒಂದ್ಸಲ ಆ ಬೆಂಚಿನ ಮೇಲೆ ಕುಂಡಿ ಊರಿ ಬಾ, ಆಮೇಲೆ ನಂಗೆ ಮುಖ ತೋರ್ಸು."

ಅವನಿಗೂ ಅದೇ ಆಸೆ. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ. ಬೆಂಚಿನ ತುದಿಯ ಕಡೆ ಅವನ ಕಣ್ಣು ಹೋಗುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ಹೋದ ವರ್ಷ, ಚಳಿಗಾಲದ ಚಟ್ನಿಗೆಂದು ಮನೆಮನೆಯಲ್ಲೂ ಮೆಣಸಿನಕಾಯಿ ಸುಡುವ ಕಾಲದಲ್ಲಿ, ಸ್ವೆತೊಜಾರನ ಮೂಟೆಯನ್ನು ನಾಲ್ಕನೇ ಮಹಡಿಗೆ ಒಯ್ದು ಇಳಿಸುವಾಗ ಗ್ವೊಜ್ದೆನಣ್ಣನ ಸೊಂಟದಲ್ಲಿ ಏನೋ ಛಳಕ್ ಎಂದಿತು. ಬಗ್ಗಿದವನು ಬಗ್ಗಿದಂತೆಯೇ ಉಳಿದ. ಸ್ವೆತೊಜಾರ್ ಸೋಫಾದಿಂದ ಏಳದೆಯೇ ಕಾರಣ ಕಂಡುಹಿಡಿದ.

"ಬಾಗಿಲು ತೆರೆದಿಟ್ಟು ಬಂದೆ, ನೋಡು! ಅಲ್ಲಿ ಬಾಲ್ಕನಿ ತೆರೆದಿದೆ, ಇಲ್ಲಿ ಬಾಗಿಲು ತೆರೆದಿದೆ. ಅಡ್ಡಗಾಳಿ ಹೊಡೀತು ನಿಂಗೆ."

ಅಡ್ಡಗಾಳಿ ಎಂದರೆ ನಮ್ಮಲ್ಲಿ ಯಮದೂತ. ಎರಡು ಕಿಟಕಿ ಎದುರುಬದುರು ತೆರೆದರೆ ಕತ್ತು ಹಿಡಿಯುವುದು, ಹಲ್ಲು ನೋಯುವುದು, ಕಿವಿ ಮುಚ್ಚುವುದು ಎಲ್ಲ ಅದರಿಂದಲೇ. ಧಗೆಯಲ್ಲಿ ಬೇಯುತ್ತಾ ಬಸ್ಸಿನಲ್ಲಿ ಕೂರುತ್ತೇವೆ, ಕಿಟಕಿ ತೆರೆಯುವುದಿಲ್ಲ. ಹಾಗಾಗಿ ಗ್ವೊಜ್ದೆನಣ್ಣ ಎರಡೂ ಕೈಯಲ್ಲಿ ಮೂಟೆ ಹಿಡಿದು ಬಾಗಿಲನ್ನು ಯಾವುದರಿಂದ ಮುಚ್ಚಬೇಕಿತ್ತು ಎಂದು ಯಾರೂ ಕೇಳಲಿಲ್ಲ. ತಪ್ಪು ಅವನದೇ ಎಂದಾಯಿತು.

ಪೆತ್ರಿಯಾ ಸಾರಾಯಿ ಹಚ್ಚಿದಳು, ಕೋಸಿನ ಎಲೆ ಕಟ್ಟಿದಳು, ಉಣ್ಣೆ ಸುತ್ತಿದಳು. ನೋವು ಯಾವುದಕ್ಕೂ ಜಗ್ಗದಿದ್ದಾಗ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಹೊಸ ಕಾಲದವಳು. ಒತ್ತಿ ನೋಡಿ, ಮಡಿಸಿ ನೋಡಿ, ಚೀಟಿಯಲ್ಲಿ ನಮ್ಮ ಭಾಷೆಯಲ್ಲೇ ಬರೆದಳು: ಸೊಂಟದ ಸ್ನಾಯು ಉಳುಕಿದೆ, ಭಾರ ಎತ್ತಬಾರದು.

ಗ್ವೊಜ್ದೆನಣ್ಣನ ಮುಖ ಇಳಿದುಹೋಯಿತು. "ಲ್ಯಾಟಿನ್ನಲ್ಲಿ ಬರೀರಮ್ಮ."

"ನಿಮಗೆ ಅರ್ಥ ಆಗ್ಲಿ ಅಂತ ಹೀಗೆ ಬರೆದೆ ತಾತ."

"ನಂಗೆ ಅರ್ಥ ಆಗೋದೇನು ಬೇಡಮ್ಮ. ಅವ್ರಿಗೆ ಅರ್ಥ ಆಗ್ಬಾರ್ದು, ಅಷ್ಟೇ."

ಅವಳು ನಕ್ಕು ಕೆಳಗೆ ಒಂದು ಪದ ಸೇರಿಸಿದಳು: ಲುಂಬಾಗೊ. ಹಾಗೆಂದರೆ ಏನು ಎಂದು ಪೆತ್ರಿಯಾ ಕೇಳಿದಳು. "ಸೊಂಟ ನೋವು ಅಂತ ಅಷ್ಟೇ ಅಜ್ಜಿ." ಹಾಗಾದರೆ ಕಾಕ್ಸಾರ್ಥ್ರೋಸಿಸ್? "ಸೊಂಟದ ಕೀಲು ಸವೆದಿದೆ ಅಂತ." ಸ್ಪಾಂಡಿಲೋಸಿಸ್? "ಬೆನ್ನುಮೂಳೆ ಸವೆದಿದೆ ಅಂತ. ವಯಸ್ಸಾದ್ರೆ ಎಲ್ರಿಗೂ ಒಂದಿಷ್ಟು ಸವೆಯುತ್ತೆ."

ದಾರಿಯುದ್ದಕ್ಕೂ ಪೆತ್ರಿಯಾ ಕುಣಿದಾಡಿದಳಂತೆ. "ಇಷ್ಟೇನಾ! ಹೋಗಿ ಅವ್ರ ಮುಖಕ್ಕೆ ಹೇಳು!" ಗ್ವೊಜ್ದೆನಣ್ಣ ತಲೆಯಾಡಿಸಿದ. "ಬೇಡ ಬಿಡೇ. ಅವ್ರಿಗಿರೋದು ಅದೊಂದೇ." ಈ ಮಾತನ್ನು ಪೆತ್ರಿಯಾ ನನ್ನ ಕುರ್ಚಿಯಲ್ಲಿ ಕೂತು, ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಾ ಹೇಳಿದಳು. ನನಗೆ ಅವನ ಮೇಲೆ ಸಿಟ್ಟು ಬಂತು.

ಬೆಂಚಿನಲ್ಲಿ ಲುಂಬಾಗೊ ಎಂಬ ಪದ ಕೇಳಿ ರತೊಮಿರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಲುಂಬಾಗೊ ನನ್ ಮೊಮ್ಮಗನಿಗೂ ಬಂದಿತ್ತಪ್ಪ, ಫುಟ್ಬಾಲ್ ಆಡಿ!"

"ಅದು ನೆಗಡಿ ಇದ್ದ ಹಾಗೆ," ಎಂದ ಸ್ವೆತೊಜಾರ್. "ಬರ್ತದೆ, ಹೋಗ್ತದೆ. ನಿಂತುಕೊಂಡಿರು, ನಡೆದಾಡು, ಒಳ್ಳೇದು. ಹಾಗೇ ಬರ್ತಾ ನನ್ ಗ್ಯಾಸ್ ಸಿಲಿಂಡರ್ ತಗೊಂಡ್ ಬಾ."

ತಂದ. ಹಲ್ಲು ಕಚ್ಚಿಕೊಂಡು ತಂದ. ಅದನ್ನು ನೋಡಿ ನನ್ನ ಕತ್ತರಿ ಗಿರಾಕಿಯ ಕಿವಿಗೆ ತಾಗುವುದರಲ್ಲಿತ್ತು.

ನೋವು ಇಳಿಯಲಿಲ್ಲ. ಡಾಕ್ಟರಮ್ಮ ಎಕ್ಸ್‌ರೇ ಫಿಲಂ ತೆಗೆಸಿದಳು. ಈ ಸಲ ಅವಳೂ ನಗಲಿಲ್ಲ. ಫಿಲಂ ನೋಡಿದ ದೊಡ್ಡ ಡಾಕ್ಟರು ಬರೆದ ಹೆಸರು ಒಂದು ಸಾಲಿನಲ್ಲಿ ಮುಗಿಯದೆ ಎರಡನೇ ಸಾಲಿಗೆ ಇಳಿದಿತ್ತು: ಸ್ಪಾಂಡಿಲೋಸಿಸ್ ಡಿಫಾರ್ಮಾನ್ಸ್, ಡಿಸ್ಕೋಪತಿಯಾ, ಜೊತೆಗೆ ಸ್ಕೋಲಿಯೋಸಿಸ್, ನಂಬರುಗಳ ಸಮೇತ ನಾಲ್ಕು ಡಿಸ್ಕು. ಪೆತ್ರಿಯಾ ಅದನ್ನು ಮೇಣದಬತ್ತಿಯ ಮುಂದೆ ಪ್ರಾರ್ಥನೆ ಹೇಳುವಂತೆ ಗಂಡನಿಗೆ ಬಾಯಿಪಾಠ ಮಾಡಿಸಿದಳು.

ಅವನು ಬೆಂಚಿನ ಬಳಿ ಬಂದ ದಿನ ಮೋಡ ಕವಿದಿತ್ತು. ಗೇಟಿನಲ್ಲಿ ಎಲೆಕೋಸಿನ ಟ್ರ್ಯಾಕ್ಟರು ನಿಂತಿತ್ತು. ಗ್ವೊಜ್ದೆನಣ್ಣ ಟೋಪಿ ತೆಗೆದು, ಒಂದೂ ಪದ ತಪ್ಪದೆ ತನ್ನ ಕಾಯಿಲೆ ಒಪ್ಪಿಸಿದ. ರತೊಮಿರ್ ತನಗರಿವಿಲ್ಲದೆಯೇ ಸ್ವಲ್ಪ ಸರಿದ. ಸರಿದದ್ದೇ ತಡ, ಗ್ವೊಜ್ದೆನಣ್ಣ ಕೈಯೂರಿ, ಮೆಲ್ಲಗೆ, ಹೊಸ ಮದುಮಗನ ಹಾಗೆ ಬೆಂಚಿನ ತುದಿಯಲ್ಲಿ ಕೂತ.

ಸ್ವೆತೊಜಾರನ ಮುಖ ಇಂಗು ತಿಂದ ಮಂಗನಂತಾಯಿತು. ನಾಲ್ಕು ಡಿಸ್ಕಿನ ಮುಂದೆ ಎರಡು ಡಿಸ್ಕಿಗೆ ಏನು ಬೆಲೆ? ಜೊತೆಗೆ ಗೇಟಿನಲ್ಲಿ ಕೋಸಿನ ಮೂಟೆ ಬೇರೆ ಕಾಯುತ್ತಿದೆ.

"ಇದರಲ್ಲಿ ಏನೋ ಎಡವಟ್ಟಾಗಿದೆ," ಎಂದ ಕೊನೆಗೆ. "ನಾಲ್ಕು ಡಿಸ್ಕು ಹೋದವ್ನು ಮಲಗಿರ್ತಾನೆ. ನೀನು ನಡ್ಕೊಂಡ್ ಬಂದೆ. ಮೊನ್ನೆ ಸಿಲಿಂಡರ್ ಹೊತ್ತೆ. ಫಿಲಂ ಅದಲುಬದಲಾಗಿದೆ ಕಣಯ್ಯ. ಇದು ಯಾವನೋ ದೊಡ್ಡ ಮನುಷ್ಯಂದು."

"ಹೌದೌದು," ಎಂದ ರತೊಮಿರ್. "ಅವನ್ಯಾರೋ ಪಾಪ, ನಿನ್ ಲುಂಬಾಗೊ ಇಟ್ಕೊಂಡು ಒದ್ದಾಡ್ತಿರ್ತಾನೆ."

ನಾನು ಕಿಟಕಿಯಿಂದ ತಲೆ ಹೊರಹಾಕಿದೆ. "ನಾಚಿಕೆ ಆಗಲ್ವೇನ್ರೋ ನಿಮಗೆ? ಮೂಟೆ ಹೊರೋನಿಗೆ ಬೆನ್ನೂ ಇರ್ಬಾರ್ದಾ?"

"ಕಿಟಕಿ ಮುಚ್ಚು ದೋಬ್ರಿಲಾ, ಅಡ್ಡಗಾಳಿ ಬರ್ತದೆ," ಎಂದ ಸ್ವೆತೊಜಾರ್. ಅಷ್ಟರಲ್ಲಿ ಮಳೆ ಹನಿಯಿತು. ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. "ಏಳಪ್ಪ ಗ್ವೊಜ್ದೆನ್, ಕೂತಿದ್ದು ಸಾಕು. ಮೂಟೆ ತಗೊ."

"ಎದ್ದೆ," ಎಂದ ಗ್ವೊಜ್ದೆನಣ್ಣ. ಹಾಳು ಅಭ್ಯಾಸ! ನಾನು ಹಣೆ ಚಚ್ಚಿಕೊಂಡೆ. ಅವನು ಮಂಡಿ ಮೇಲೆ ಕೈಯೂರಿದ. ಏಳಲಿಲ್ಲ. ಮತ್ತೆ ಊರಿದ. ಮುಖ ಬೆಳ್ಳಗಾಯಿತು.

"ಆಗ್ತಾ ಇಲ್ಲ," ಎಂದ ತಗ್ಗಿದ ದನಿಯಲ್ಲಿ. "ಕ್ಷಮಿಸ್ರಪ್ಪ. ಕಾಲು ಬರ್ತಾ ಇಲ್ಲ."

ಮೊದಲು ನಕ್ಕರು. ಆಮೇಲೆ ಅವನ ಕಣ್ಣಲ್ಲಿ ನೀರು ಕಂಡು ನಗು ನಿಂತಿತು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಉಸಿರಾಡ್ತಿದ್ದಾರಾ ಎಂದು ಕೇಳಿದರು. ಹೂಂ ಎಂದೆ. ಹಾಗಾದ್ರೆ ಕಾಯಬೇಕಾಗ್ತದೆ ಎಂದರು. ಮಳೆ ಕಾಯುತ್ತದೆಯೇ? ಪೆತ್ರಿಯಾ ಮೂರನೇ ಮಹಡಿಯ ಬಾಲ್ಕನಿಯಿಂದ ಅವನನ್ನು ಮನೆಗೆ ತನ್ನಿ ಎಂದು ಅಳುತ್ತಾ ಕೂಗುತ್ತಿದ್ದಳು. ಅವನನ್ನು ಮುಟ್ಟಿದರೆ ಚೀರುತ್ತಿದ್ದ, ಎಬ್ಬಿಸುವಂತಿರಲಿಲ್ಲ.

"ಬೆಂಚ್ ಸಮೇತ ಎತ್ತಿ," ಎಂದೆ ನಾನು. ನನ್ನ ಅಂಗಡಿಯ ಬಾಗಿಲಲ್ಲಿ ಬೆಂಚು ಹಿಡಿಸದು, ಮೇಲೆ ಅವನ ಮನೆಗೇ ಒಯ್ಯಬೇಕು.

ಮುಂದೆ ಸ್ವೆತೊಜಾರ್, ರತೊಮಿರ್. ಹಿಂದೆ ಟ್ರ್ಯಾಕ್ಟರಿನವನು, ನಾನು. ಎತ್ತಿದೆವು. ಮೊದಲ ಮಹಡಿಗೆ ಬರುವಷ್ಟರಲ್ಲಿ ಅವರಿಬ್ಬರೂ "ಅಯ್ಯೋ ನನ್ ಸೊಂಟ", "ಅಮ್ಮಾ ನನ್ ಬೆನ್ನು" ಎಂದು ಅರಚುತ್ತಿದ್ದರು. ಒಬ್ಬರ ಬಾಯಲ್ಲೂ ಲ್ಯಾಟಿನ್ ಬರಲಿಲ್ಲ. ಮೇಲೆ ಕೂತ ಗ್ವೊಜ್ದೆನಣ್ಣ ನೋವಿನಲ್ಲೂ ಹೇಳಿಕೊಡುತ್ತಿದ್ದ: "ಬೆನ್ನಿಂದ ಎತ್ಬೇಡ್ರಪ್ಪ, ಮಂಡಿ ಬಗ್ಸಿ. ಇಲ್ಲಿ ತಿರುವು, ಎಡಕ್ಕೆ. ಆ ಮೆಟ್ಲು ಒಡ್ದಿದೆ, ಹುಷಾರು."

ಎರಡನೇ ಮಹಡಿಯಲ್ಲಿ ಉಸಿರಾಡಲು ನಿಂತೆವು. ಅವನು ಸಂಕೋಚದಿಂದ ಕೇಳಿದ, "ನಾನು ಭಾರ ಇದೀನಾ?"

ಸ್ವೆತೊಜಾರ್ ಗೋಡೆಗೊರಗಿ ಏದುಸಿರು ಬಿಡುತ್ತಿದ್ದ. ಮೆಟ್ಟಿಲುಗಳತ್ತ ನೋಡಿದ.

"ನಮ್ ಕೋಸಿನ ಪೀಪಾಯಿಗಿಂತ ಹಗುರ," ಎಂದ ಕೊನೆಗೆ. "ಸುಮ್ನೆ ಕೂತ್ಕೊ ಮಾರಾಯ."

ಕೂತ್ಕೊ ಎಂದ! ಗ್ವೊಜ್ದೆನಣ್ಣ ಟೋಪಿಯಿಂದ ಮುಖ ಮುಚ್ಚಿಕೊಂಡ. ನಾನೂ ಅತ್ತೆ, ಏಕೆ ಸುಳ್ಳು ಹೇಳಲಿ.

ಆ ವರ್ಷ ಕೋಸು ಒಂದೊಂದೇ ಗಡ್ಡೆಯಾಗಿ ಕಂಕುಳಲ್ಲಿ ಮೇಲೆ ಹೋಯಿತು. ಮರುದಿನ ಎಲ್ಲರಿಗೂ ಮತ್ತೆ ಲ್ಯಾಟಿನ್ ಬಂತು, ಮೊದಲಿಗಿಂತ ಉದ್ದವಾಗಿ, ಹಾಗಾಗಿ ಬೆಂಚನ್ನು ಕೆಳಗಿಳಿಸುವವರು ಯಾರೂ ಇರಲಿಲ್ಲ. ಅದು ಗ್ವೊಜ್ದೆನಣ್ಣನ ಬಾಗಿಲ ಮುಂದೆಯೇ ಉಳಿಯಿತು. ಅವನೀಗ ಎರಡು ಕೋಲಿನ ಮೇಲೆ ನಾಲ್ಕು ಹೆಜ್ಜೆ ನಡೆದು ಬಂದು ಬೆಂಚಿನ ನಡುವಿನಲ್ಲಿ ಕೂರುತ್ತಾನೆ. ಇನ್ನೆಂದೂ ಮೂಟೆ ಹೊರಲಾರ.

ಅಂಗಳದಲ್ಲಿ ನಿಂತು ನಿಂತು ಸಾಕಾಗಿ, ಸಂಜೆಯಾದರೆ ಸ್ವೆತೊಜಾರ್, ರತೊಮಿರ್ ಇಬ್ಬರೂ ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಾರೆ. ಬೆಂಚಿನ ಮುಂದೆ ಬಂದು ನಿಲ್ಲುತ್ತಾರೆ. ಗ್ವೊಜ್ದೆನಣ್ಣ ಕಾಯಿಲೆಯ ಹೆಸರು ಕೇಳುವುದಿಲ್ಲ. ಸ್ವಲ್ಪ ಸರಿದು, "ಕೂತ್ಕೊಳ್ರಪ್ಪ," ಎನ್ನುತ್ತಾನೆ.