ಆಂಟಿ ಗಾಳ ಹಿಡಿದದ್ದು

ಹೋದ ವಾರ ಗ್ರೋಸರಿ ಚೀಲಗಳನ್ನು ಇಡಲೆಂದು ಕಾರಿನ ಡಿಕ್ಕಿ ತೆರೆದರೆ ಗಮ್ಮೆಂದು ಸೋಂಪಿನ ವಾಸನೆ. ಹೋಟೆಲಿನಲ್ಲಿ ಬಿಲ್ಲಿನ ಜೊತೆ ಇಡುತ್ತಾರಲ್ಲ, ಅದೇ ಸೋಂಪು. ಬಿಸಿಲಿಗೆ ಕಾದ ಡಿಕ್ಕಿಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣ, ಒಳಗೆ ಗೇಣುದ್ದದ ರಬ್ಬರ್ ಮೀನು. ಇದಕ್ಕೆ ಇಲ್ಲಿ ಅಮೆರಿಕದಲ್ಲಿ ಸ್ವಿಮ್‌ಬೈಟ್ ಎನ್ನುತ್ತಾರೆ. ಗಾಳಕ್ಕೆ ಸಿಕ್ಕಿಸಿ ನೀರಿನಲ್ಲಿ ಎಳೆದರೆ ಬಾಲ ಬಳುಕಿಸುತ್ತಾ ಜೀವ ಇರುವಂತೆಯೇ ಈಜುತ್ತದೆ. ಬಾಸ್ ಎಂಬ ದೊಡ್ಡ ಮೀನು ಮರುಳಾಗಲೆಂದು ಸೋಂಪಿನ ಎಣ್ಣೆ ಬೇರೆ ಸವರಿರುತ್ತಾರೆ. ಇಷ್ಟು ದಿನ ಅದು ನನ್ನ ಕಾರಿನಲ್ಲೇ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಪೊಟ್ಟಣ ಹಿಡಿದು ಎಷ್ಟು ಹೊತ್ತು ನಿಂತೆನೋ...

ಡ್ಯಾನ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿಯದು ಅದು. ಧಾರವಾಡದವರು, ಮಡಿ ಎಂದರೆ ಮಡಿ. ಬರ್ತ್‌ಡೇ ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಪುಟ್ಟ ಮಕ್ಕಳನ್ನೂ ಅಡ್ಡಪ್ರಶ್ನೆ ಕೇಳುತ್ತಿದ್ದರು. ಅವರ ಯಜಮಾನರಿಗೆ ಮಾತ್ರ ಮೀನು ಹಿಡಿಯುವ ಹುಚ್ಚು. ಅಂಕಲ್ ಕೂಡ ಸಸ್ಯಾಹಾರಿಯೇ. ಹಿಡಿದ ಬಾಸನ್ನು ಕಣ್ತುಂಬ ನೋಡಿ ಮತ್ತೆ ನೀರಿಗೇ ಬಿಡುತ್ತಿದ್ದರು. ತಿನ್ನದಿದ್ದ ಮೇಲೆ ಅದರ ಬಾಯಿ ಯಾಕೆ ಚುಚ್ಚಬೇಕು ಎಂಬುದು ಆಂಟಿಯ ತಕರಾರು. ಅಮೆರಿಕಕ್ಕೆ ಬಂದಾಗಿನಿಂದ ಆ ಮನೆಯಲ್ಲಿ ನಡೆದ ಜಗಳವೆಂದರೆ ಅದೊಂದೇ.

ಆಮೇಲೆ ಅಂಕಲ್‌ಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋದವು. ನೀರು, ಬೇಡ, ಸಾಕು... ಹೀಗೆ ಕೆಲವೇ ಮಾತು ಉಳಿದವು. ಮೀನಿನ ಬಾಯಿ ಚುಚ್ಚಿದ ಪಾಪಕ್ಕೇ ಇವರ ಬಾಯಿ ಕಟ್ಟಿತೆಂದು ಆಂಟಿ ಗಟ್ಟಿಯಾಗಿ ನಂಬಿಬಿಟ್ಟರು. ಒಂದು ಶನಿವಾರ ಅಂಕಲ್‌ನ ರಾಡು, ರೀಲು, ಗಾಳ ಎಲ್ಲವನ್ನೂ ಡ್ರೈವ್‌ವೇಯಲ್ಲಿ ಹರವಿ, ಬೇಕಾದವರು ಒಯ್ಯಬಹುದೆಂದು ಬೋರ್ಡು ಇಟ್ಟರು. ಕಿಟಕಿಯ ಹಿಂದೆ ವೀಲ್‌ಚೇರಿನಲ್ಲಿ ಕೂತು ಅಂಕಲ್ ಎಲ್ಲವನ್ನೂ ನೋಡಿದರು. ಅವತ್ತಿನಿಂದ ಉಳಿದಿದ್ದ ಮಾತೂ ನಿಂತುಹೋಯಿತು. ಡಾಕ್ಟರಿಗೆ ಕಾರಣ ಹೊಳೆಯಲಿಲ್ಲ.

ವರ್ಷದ ಮೇಲೆ ಆಂಟಿ ನಮ್ಮ ಬಾಗಿಲು ತಟ್ಟಿ, ಗಾಳ ಮಾರುವ ಅಂಗಡಿಗೆ ತಮ್ಮಿಬ್ಬರನ್ನೂ ಕರೆದೊಯ್ಯುತ್ತೀಯಾ ಎಂದು ಕೇಳಿದಾಗ ನಾನು ಬೆಚ್ಚಿಬಿದ್ದೆ. ಇವರಿಗೂ ತಲೆಗೆ ಏನಾದರೂ ಆಯಿತೇ ಎಂದು ನಿಜವಾಗಿಯೂ ಹೆದರಿದೆ.

"ಶಾಪ ಮೀನಿಂದಲ್ಲಪಾ, ನಂದು," ಎಂದರು. "ಅವ್ರ ಸಾಮಾನು ನಾನಽ ಹೊರಗ ಹಾಕೀನಿ. ಅವತ್ತಽ ಅವ್ರು ಬಾಯಿ ಮುಚ್ಚ್ಯಾರ. ಈಗ ನಾನಽ ಒಳಗ ತರಬೇಕು."

ಆಂಟಿಗೆ ಈ ಸಾಮಾನಿನ ಗಂಧಗಾಳಿಯೂ ಇರಲಿಲ್ಲ. ಗೊತ್ತಿದ್ದವರಿಗೆ ಮಾತಿರಲಿಲ್ಲ. ಅಂಗಡಿಯಾತ ಮೊದಲು ಒಂದು ಹಗುರವಾದ ರಾಡು ತೋರಿಸಿದ. ಆಂಟಿ ಅದನ್ನು ಅಂಕಲ್‌ನ ಎಡಗೈಗೆ ಕೊಟ್ಟು ಮುಖ ನೋಡಿದರು. ಮುಖದಲ್ಲಿ ಏನೂ ಇಲ್ಲ. ಇನ್ನೊಂದು ಕೊಟ್ಟರು, ಮತ್ತೊಂದು ಕೊಟ್ಟರು. ಕೊನೆಗೆ ದಪ್ಪನೆಯ, ಆಳೆತ್ತರ ಮೀರಿದ ರಾಡು ಬಂದಾಗ ಬೆರಳುಗಳು ಬಿಗಿಯಾದವು. ಭಾರದ ರಬ್ಬರ್ ಮೀನು ಎಸೆಯಲು ಅಂಥದ್ದೇ ಬೇಕಂತೆ. ರೀಲಿನ ಸರದಿ ಬಂತು. ಹೊಸಬರಿಗೆ ಸುಲಭವೆಂದು ಅಂಗಡಿಯಾತ ತೆಗೆದಿಟ್ಟದ್ದನ್ನು ಕಂಡು ಅಂಕಲ್ ಕಣ್ಣು ಮುಚ್ಚಿದರು. ಇನ್ನೊಂದು ದುಂಡನೆಯ ರೀಲು. ಎಸೆಯುವಾಗ ಅದರ ದಾರವನ್ನು ಹೆಬ್ಬೆಟ್ಟಿನಿಂದ ಹದವಾಗಿ ಒತ್ತಿ ಹಿಡಿಯಬೇಕು, ತಪ್ಪಿದರೆ ಎಲ್ಲ ಗೋಜಲು. ಅದನ್ನು ಮುಂದಿಟ್ಟಾಗ ಕಣ್ಣು ತೆರೆದರು. ಸೀರೆಗೆ ಬ್ಲೌಸ್ ಪೀಸು ಹೊಂದಿಸುವಾಗಲೂ ಆಂಟಿಯಲ್ಲಿ ಅಷ್ಟು ಶ್ರದ್ಧೆ ನಾನು ಕಂಡಿರಲಿಲ್ಲ. ಗಾಳ ಆರಿಸುವಾಗ ಮಾತ್ರ ಅವರು ಯಾರ ಮುಖವನ್ನೂ ನೋಡಲಿಲ್ಲ. ಒಳಮುಳ್ಳಿಲ್ಲದ, ಮೀನಿನ ಬಾಯಿಂದ ಸಲೀಸಾಗಿ ಕಳಚುವ ಗಾಳವೇ ಆಗಬೇಕೆಂದು ಹಟ ಹಿಡಿದು ಕೊಂಡರು.

ಮರುದಿನ ಬೆಳಿಗ್ಗೆ ಮೂವರೂ ಊರಾಚೆಯ ಜಲಾಶಯಕ್ಕೆ ಹೋದೆವು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಸ್ನೀಕರ್ಸು, ಕೈಯಲ್ಲಿ ತಮಗಿಂತ ಉದ್ದದ ರಾಡು. ಪಕ್ಕದಲ್ಲಿದ್ದವರೆಲ್ಲ ತಮ್ಮ ಗಾಳ ಮರೆತು ಆಂಟಿಯನ್ನೇ ನೋಡುತ್ತಿದ್ದರು. ಎಸೆದ ರಬ್ಬರ್ ಮೀನು ಎದುರಿಗೇ ದೊಪ್ಪೆಂದು ಬಿತ್ತು. ರೀಲಿನ ದಾರವೆಲ್ಲ ಸಿಕ್ಕುಸಿಕ್ಕು. ನಾನು ಬಿಡಿಸಿ ಕೊಟ್ಟೆ, ಮತ್ತೆ ಎಸೆದರು, ಮತ್ತೆ ಸಿಕ್ಕು. ಬಿಡಿಸಿ ಬಿಡಿಸಿ ನನಗೆ ರೇಗಿಹೋಗಿತ್ತು. ಅವರು ಮತ್ತೊಮ್ಮೆ ರಾಡು ಎತ್ತಿದಾಗ ಹಿಂದಿನಿಂದ ತುಕ್ಕು ಹಿಡಿದಂಥ ದನಿಯೊಂದು ಕೇಳಿತು.

"ಏ... ಹೆಬ್ಬಟ್ಟು. ಹೆಬ್ಬಟ್ಟು ಒತ್ತು."

ನನಗೆ ತಿರುಗಿ ನೋಡಲೂ ಭಯ. ಅಂಕಲ್ ವೀಲ್‌ಚೇರಿನಲ್ಲಿ ಮುಂದಕ್ಕೆ ಬಾಗಿ, ಸಿಟ್ಟಿನಿಂದ ಕೆಂಪಗಾಗಿ, ಎಡಗೈ ಹೆಬ್ಬೆಟ್ಟನ್ನು ಗಾಳಿಯಲ್ಲಿ ಒತ್ತಿ ತೋರಿಸುತ್ತಿದ್ದರು. ಆಂಟಿ ರಾಡು ಕೈಬಿಟ್ಟು ದಡದಲ್ಲೇ ಕುಸಿದು ಕೂತರು. ಅಳುತ್ತಿದ್ದರೋ ನಗುತ್ತಿದ್ದರೋ...

"ಇನ್ನೊಮ್ಮೆ ಬಯ್ರಿ," ಎಂದರು.

ಆಮೇಲೆ ಪ್ರತಿ ಭಾನುವಾರ ಬೈಸಿಕೊಳ್ಳಲೆಂದೇ ಹೋಗುತ್ತಿದ್ದರು. ದಡ್ಡಿ, ಸಾವಕಾಶ, ಮೊಣಕೈ... ಹೊಸ ಮಾತು ಬಂದಾಗಲೆಲ್ಲ, ಮಗು ಮಾತು ಕಲಿತಷ್ಟು ಹಿಗ್ಗಿ, ಬೇಲಿಯಾಚೆಯಿಂದ ನನಗೆ ವರದಿ ಕೊಡುತ್ತಿದ್ದರು. ಒಂದು ಮೀನನ್ನೂ ಹಿಡಿಯಲಿಲ್ಲ. ಎಸೆಯುವುದನ್ನು ನೆಟ್ಟಗೆ ಕಲಿಯಲೂ ಇಲ್ಲ. ಕಲಿಯುವ ಮನಸ್ಸಿತ್ತೋ ಇಲ್ಲವೋ ನನಗೆ ಈಗಲೂ ಅನುಮಾನ.

ಅಂಕಲ್‌ಗೆ ಯಾವಾಗ ಏನಾಗುವುದೋ ಎಂದು ನಾವೆಲ್ಲ ಒಳಗೊಳಗೇ ಹೆದರಿಕೊಂಡಿದ್ದೆವು. ಹೋದದ್ದು ಆಂಟಿ. ಒಗ್ಗರಣೆಗೆ ಎಣ್ಣೆ ಇಟ್ಟು ನಿಂತವರು ಹಾಗೇ ಬಿದ್ದರಂತೆ, ಹಾರ್ಟು. ಅವರ ಮಗಳು ಫೋನ್ ಮಾಡಿದಾಗ ನಾನು ಅಂಕಲ್ ತಾನೆ, ಅಂಕಲ್ ತಾನೆ ಎಂದು ಕೇಳುತ್ತಲೇ ಇದ್ದೆ. ಅವಳು ಅಲ್ಲ, ಅಮ್ಮ ಎನ್ನುತ್ತಲೇ ಇದ್ದಳು. ಆ ಮಾತು ನನ್ನ ತಲೆಯೊಳಗೆ ಇಳಿಯಲೇ ಇಲ್ಲ. ಹೆಣದ ಎದುರು ನಿಂತಾಗಲೂ ನಂಬಿಕೆ ಬರಲಿಲ್ಲ.

ಅಂಕಲ್ ಈಗ ಪಾಲೋ ಆಲ್ಟೋದಲ್ಲಿ ಮಗಳ ಮನೆಯಲ್ಲಿದ್ದಾರೆ. ಅಂದಿನಿಂದ ಬಾಯಿ ಬಿಟ್ಟಿಲ್ಲ. ಮೊನ್ನೆ ಭಾನುವಾರ ಮಗಳನ್ನು ಕೇಳಿ, ಅವರನ್ನೂ ಆ ರಾಡನ್ನೂ ಕಾರಿನಲ್ಲಿ ಹಾಕಿಕೊಂಡು ಜಲಾಶಯಕ್ಕೆ ಹೋದೆ. ಬೇಕೆಂದೇ ಹೆಬ್ಬೆಟ್ಟು ಎತ್ತಿ ಎಸೆದೆ. ದಾರ ಗೋಜಲಾಯಿತು. ಉಸಿರು ಬಿಗಿಹಿಡಿದು ಕಾದೆ... ಬಿಡಿಸಿ ಇನ್ನೂ ಕೆಟ್ಟದಾಗಿ ಎಸೆದು ತಿರುಗಿ ನೋಡಿದೆ. ಅಂಕಲ್‌ಗೆ ಎಲ್ಲವೂ ಕಾಣುತ್ತಿತ್ತು. ನನ್ನ ತಪ್ಪು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಬಂದ ಅತಿಥಿಯ ಕೈಯಿಂದ ಲೋಟ ಜಾರಿದಾಗ ನಗುತ್ತೇವಲ್ಲ, ಹಾಗೆ ಮೆಲ್ಲಗೆ ನಕ್ಕು, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದರು. ಬೈಯಲು ಅವರಿಗೆ ಇನ್ನು ಯಾರೂ ಇಲ್ಲ.