ಉದ್ದ ಚಾಸಿಯ ಗಾಡಿ

ನಮ್ಮ ಗಾಡಿ ಉದ್ದ ಚಾಸಿಯದಲ್ಲ, ಗಿಡ್ಡ ಚಾಸಿಯದು. ಚಾಸಿ ಅಂದರೆ ಗಾಡಿಯ ಅಡಿಗಿರುವ ಕಬ್ಬಿಣದ ಚೌಕಟ್ಟು. ಅದನ್ನು ನಡುವೆ ಕೊಯ್ದು, ಬೇರೊಂದು ಗಾಡಿಯ ಹಿಂಭಾಗ ತಂದು ಬೆಸೆದು ಉದ್ದ ಮಾಡಿದ್ದು. ಮೋಸ ಮಾಡಿದವನು ನನ್ನ ಗಂಡನ ಒಡಹುಟ್ಟಿದ ಅಣ್ಣ, ನನಗೆ ಭಾವ. ನಡೆದದ್ದು ಇಷ್ಟೇ. ಜನ ಏನೇನೋ ಸೇರಿಸಿ ಹೇಳುತ್ತಾರೆ, ಹೇಳಲಿ.

ನಮ್ಮೂರು ಝಳಕಿಯ ಹತ್ತಿರ. ಅಣ್ಣತಮ್ಮಂದಿರು ಬೇರೆಯಾದಾಗ ಬಾವಿಯಿದ್ದ ನಿಂಬೆ ತೋಟವನ್ನು ಭಾವ ಇಟ್ಟುಕೊಂಡ. ತಮ್ಮನಿಗೆ ಒಂದಿಷ್ಟು ಒಣ ಹೊಲ ಮತ್ತು ಈ ಹಳೆಯ ಪಿಕಪ್. ನಾಲ್ಕೂ ಗಾಲಿ ಎಳೆಯುವ ಗಾಡಿ. ಮಳೆ ಬಿದ್ದ ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಹೂತರೂ ಇದು ಎದ್ದು ಬರುತ್ತಿತ್ತು.

“ತಮ್ಮಾ, ಇದು ಕಂಪನಿಯಿಂದನ ಉದ್ದ ಚಾಸಿ ಆಗಿ ಬಂದದ್ದು. ಇಂಥಾವು ಜಿಲ್ಲಾದಾಗ ನಾಕ ಸಿಗಂಗಿಲ್ಲ. ತ್ವಾಟ ಏನ, ಎಲ್ಲಾರ ಕಡೆ ಇರತೈತಿ” ಎಂದ ಭಾವ.

ನಮ್ಮ ಮುದುಕ, ಅಂದರೆ ನನ್ನ ಗಂಡ, ಆಗಿನ್ನೂ ಮುದುಕನಾಗಿರಲಿಲ್ಲ, ಆದರೆ ಬುದ್ಧಿ ಈಗಿನಷ್ಟೇ ಇತ್ತು. ಹೂಂ ಅಂದ.

ಅದೇ ಗಾಡಿಯಲ್ಲಿ ಅಣ್ಣನ ನಿಂಬೆಹಣ್ಣನ್ನೇ ಹೇರಿಕೊಂಡು ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಸುತ್ತಿದ. ಹಣ್ಣು ಅಣ್ಣನವು, ಸೊಂಟನೋವು ನಮ್ಮವನದು. ಗಾಡಿ ಓಡುವುದು ನಿಂತ ಮೇಲೂ ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಬಂದ ಬೀಗರಿಗೆ, ಮೊಮ್ಮಕ್ಕಳಿಗೆ “ಉದ್ದ ಚಾಸಿ” ಎಂದು ತೋರಿಸುತ್ತಿದ್ದ. ಪಾಲಿನಲ್ಲಿ ತಾನು ದಡ್ಡನಾಗಲಿಲ್ಲ ಎಂದು ಹೇಳಿಕೊಳ್ಳಲು ಅವನಿಗೆ ಇದ್ದದ್ದು ಅದೊಂದೇ ಮಾತು.

ಪ್ರತಿ ವರ್ಷ ದಸರೆಯ ಆಯುಧ ಪೂಜೆಗೆ, ನಮ್ಮ ಕಡೆಯ ಖಂಡೆ ಪೂಜೆಗೆ, ಭಾವ ತಪ್ಪದೆ ಬರುತ್ತಿದ್ದ. ಕೊಡಲಿ, ಕುಡುಗೋಲುಗಳಿಗೆ ನಾವು ಪೂಜೆ ಮಾಡಬಹುದು, ಗಾಡಿಯ ಪೂಜೆ ಮಾತ್ರ ಹಿರಿಯನಾದ ತಾನೇ ಮಾಡಬೇಕು ಎನ್ನುತ್ತಿದ್ದ. ಎಲ್ಲರೂ ಗಾಡಿಯ ಮೂತಿಗೆ ಕುಂಕುಮ ಹಚ್ಚುತ್ತಾರೆ. ಇವನು ಕೆಳಗೆ ನುಗ್ಗಿ, ಚಾಸಿಯ ಎರಡೂ ಪಟ್ಟಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ, ವಿಭೂತಿ ದಪ್ಪಗೆ ಬಳಿಯುತ್ತಿದ್ದ. ಪೂಜೆಯಾದ ಜಾಗವನ್ನು ನಮ್ಮ ಮನೆಯಲ್ಲಿ ಯಾರೂ ತೊಳೆಯುವುದಿಲ್ಲ, ಕೆರೆಯುವುದಿಲ್ಲ. ವರ್ಷದ ಮೇಲೆ ವರ್ಷ ಅದು ಕಟಕ್ ರೊಟ್ಟಿಯ ಹಾಗೆ ಗಟ್ಟಿಯಾಯಿತು. ಅಣ್ಣನ ಭಕ್ತಿ ನೋಡಿ ನಮ್ಮವನ ಕಣ್ಣಲ್ಲಿ ನೀರು.

ಹೋದ ವರ್ಷ ಮುದ್ದೇಬಿಹಾಳದಿಂದ ಕಾಲೇಜು ಮಾಸ್ತರೊಬ್ಬರು ಬಂದರು. ಮುಸಲ್ಮಾನರು, ಹಳೆ ಗಾಡಿಗಳೆಂದರೆ ಹುಚ್ಚು. ಗಾಡಿ ನೋಡಿ, ಉದ್ದ ಚಾಸಿಯದೇ ಎಂದು ನಾಲ್ಕು ಜನರ ಮುಂದೆ ಹೇಳಿ ಎಂದು ನಮ್ಮವನೇ ಕರೆಸಿದ್ದ. ಓಣಿಯವರನ್ನೂ ಕರೆದ. ಅಣ್ಣನನ್ನು ಹೊರಸಿನ ಮೇಲೆ ಕೂರಿಸಿದ.

ಮಾಸ್ತರು ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನ ತನಕ ಟೇಪು ಹಿಡಿದರು. “ಅಳತಿ ಉದ್ದ ಚಾಸಿದ ಐತ್ರಿ ಕಾಕಾರ.”

ನಮ್ಮವನು ಹೆಗಲ ಮೇಲಿನ ಟವಲು ಕೊಡವಿದ. “ಕೇಳಿದ್ರೇನ್ರಿ ಎಲ್ಲಾರೂ?”

ಆದರೆ ಮಾಸ್ತರು ಏಳಲಿಲ್ಲ. ಚಾಸಿಯ ಮುಂಭಾಗದಲ್ಲಿ ಒತ್ತಿದ್ದ ನಂಬರನ್ನು ಒರೆಸಿ ಓದಿದರು. ಮತ್ತೊಮ್ಮೆ ಓದಿದರು. “ನಂಬರ ಗಿಡ್ಡ ಚಾಸಿದ ಐತಲ್ರಿ. ಗಿಡ್ಡ ಚಾಸಿ ಇಷ್ಟ ಉದ್ದ ಇರಂಗಿಲ್ಲ. ಕೂಡಿಸಿದ್ರ ಎಲ್ಲ್ಯರೆ ಬೆಸುಗಿ ಕಾಣಬೇಕು.” ಕುಂಕುಮದ ಪದರದ ಹತ್ತಿರ ಅವರ ಕೈ ನಿಂತಿತು. “ಇಲ್ಲಿ ಪೂಜಿ ಆಗೇತಿ. ನಾ ಕೆರಿಯಂಗಿಲ್ರಿ.”

“ಮುಟ್ಟಬ್ಯಾಡ್ರಿ, ಮುಟ್ಟಬ್ಯಾಡ್ರಿ, ದೇವರ ಜಾಗಾ!” ಎಂದು ಭಾವ ಹೊರಸಿನಿಂದ ಎದ್ದ. ಎದ್ದ ಜೋರು ನೋಡಿಯೇ ನನಗೆ ತಿಳಿಯಿತು. ಮೊಣಕಾಲು ನೋವಿನವನು ಹಾಗೆ ಏಳುವುದಿಲ್ಲ.

ಕಳೆ ತೆಗೆಯುವ ಕುರ್ಪಿ ತಂದು ನಾನೇ ಗಾಡಿಯ ಕೆಳಗೆ ಹೋದೆ.

“ಪಾಪ ಹತ್ತತೈತಿ ತಂಗಿ!”

“ಯಾರಿಗಿ ಹತ್ತತೈತಿ, ತಡೀರಿ ಭಾವಾರ, ನೋಡೂಣು.”

ಪದರ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಬೆಸುಗೆ, ಉಬ್ಬಿದ ಹಳೆ ಗಾಯದ ಹಾಗೆ. ಆ ಕಡೆಯ ಪಟ್ಟಿಯಲ್ಲೂ ಅದೇ.

ಮಾಸ್ತರು ತಲೆ ತಗ್ಗಿಸಿದರು. ಭಾವ ತಗ್ಗಿಸಲಿಲ್ಲ. “ಹೌದು, ಸಿಂದಗಿಯಾಗ ನಾನ ಕೂಡಿಸೇನಿ. ಉದ್ದ ಐತಿ ಅಂದಿದ್ದೆ. ಉದ್ದ ಐತಿಲ್ಲೋ? ಈಗರೆ ಅಳದ್ರಲ್ಲ!”

ಓಣಿಯವರು ನಕ್ಕರು. “ಕಾಕಾ, ಅರ್ಧ ಗಾಡಿ ಅಂತೂ ಖರೇ ಐತಿ ಬಿಡು” ಎಂದ ಒಬ್ಬ.

ನಮ್ಮವನು ಮಾಸ್ತರ ಕೈ ಹಿಡಿದುಕೊಂಡ. “ಇನ್ನೊಮ್ಮಿ ನೋಡ್ರಿ ಸರ.”

ಜನ ಇನ್ನೂ ಜೋರಾಗಿ ನಕ್ಕರು. ನನಗೂ ನಗು ಬಂತು, ನಕ್ಕೆ.

ಸಂಜೆ ನೋಡಿದರೆ ಮುದುಕ ಗಾಡಿಯ ಕೆಳಗೆ ಮಲಗಿ, ನಾನು ಕೆರೆದ ಜಾಗಕ್ಕೆ ಮತ್ತೆ ಎಣ್ಣೆ ಕುಂಕುಮ ಬಳಿಯುತ್ತಿದ್ದ.

“ಏನ ಮಾಡಾಕತ್ತೀರಿ?”

“ಅಣ್ಣ ಪೂಜಿ ಮಾಡಿದ ಜಾಗಾ. ಬರಿದ ಇರಬಾರ್ದು.”

ಭಾವನ ಮೋಸಕ್ಕೆ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಇದಕ್ಕೆ ಬಂತು.

ಮರುದಿನ ಬೆಳಿಗ್ಗೆ ಝಳಕಿಯಿಂದ ಗ್ಯಾಸ್ ಕಟರಿನವನನ್ನು ಕರೆಸಿದೆ.

“ಎಲ್ಲಿ ಕೊಯ್ಲಿ ಆಯಿ?”

“ಎಲ್ಲಿ ಕೂಡಿಸ್ಯಾರ, ಅಲ್ಲೇ.”

ಮುದುಕ ಬಂದವನೇ ಡ್ರೈವರ್ ಸೀಟು ಹತ್ತಿ ಸ್ಟೇರಿಂಗ್ ಹಿಡಿದು ಕೂತ. “ಬ್ಯಾಡ. ಕೈ ಮುಗೀತೇನಿ, ಬ್ಯಾಡ.” ಕಟರಿನವನು ನನ್ನ ಮುಖ ನೋಡಿದ.

“ಅವರ ಅಲ್ಲೇ ಕುಂದರ್ಲಿ. ನೀ ಹಿಂದ ಕೊಯ್ಯಿ.”

ಕಿಡಿ ಹಾರಿದವು, ಕುಂಕುಮ ಸುಟ್ಟ ವಾಸನೆ ಬಂತು. ಹಿಂಭಾಗಕ್ಕೆ ಸರಪಳಿ ಕಟ್ಟಿಸಿ, ಟ್ರ್ಯಾಕ್ಟರಿನಿಂದ ಓಣಿಯುದ್ದಕ್ಕೂ ಎಳೆಸಿ, ಭಾವನ ತಲೆಬಾಗಿಲಿಗೆ ಅಡ್ಡ ಬಿಡಿಸಿದೆ. ಅವನು ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಹೊರಗೆ ಬಂದ.

“ಏನವಾ ಇದು?”

“ನಿಮ್ಮ ಪಾಲು ಭಾವಾರ. ದಿನಾ ಪೂಜಿ ಮಾಡ್ಕೋತ ಇರ್ರಿ.”

ಮನೆಗೆ ಬಂದಾಗ ಉಳಿದ ಅರ್ಧ ಗಾಡಿ ಹಿಂದಕ್ಕೆ ಕುಸಿದು, ಮೂತಿ ಮೇಲೆತ್ತಿ ನಿಂತಿತ್ತು. ಒಳಗೆ ಮುದುಕ ಇನ್ನೂ ಸ್ಟೇರಿಂಗ್ ಹಿಡಿದೇ ಇದ್ದ, ಬೇವಿನ ಗಿಡದ ತುದಿ ನೋಡುತ್ತ.

“ಇಳೀರಿ. ರೊಟ್ಟಿ ಆರಾಕತ್ತಾವ” ಎಂದೆ.